ಮಾವನ ಅರ್ಧ ಲೋಟ

ಗಾಜಿನ ಅಂಗಡಿಯ ಯಜಮಾನರು ಆಯುಷ್ಯವೆಲ್ಲ ಗಾಜು ಸಾಗಿಸಿದವರು. ಪಿಕಪ್‌ನಲ್ಲಿ ಆಳೆತ್ತರದ ಹಾಳೆಗಳನ್ನು ನಿಲ್ಲಿಸಿಕೊಂಡು ಯಾವ ಸಂದಿಗೊಂದಿಯಲ್ಲಿ ನುಗ್ಗಿದರೂ ಒಂದಕ್ಕೂ ಕೂದಲೆಳೆಯಷ್ಟು ಬಿರುಕು ಬೀಳುತ್ತಿರಲಿಲ್ಲ. ಅಂಥವರು ಹೋದ ತಿಂಗಳು ಹಾಡಹಗಲೇ ಮಾರುಕಟ್ಟೆಯ ತಿರುವಿನಲ್ಲಿ ಹೊಸ ಪಿಕಪ್ಪನ್ನು ಔಷಧಿ ಅಂಗಡಿಯ ಗೋಡೆಗೆ ಗುದ್ದಿದರು. "ಸ್ಟೀರಿಂಗ್ ತಿರುಗ್ಲೇ ಇಲ್ಲ" ಎಂದರು. ಕೇಳುವವರು ಯಾರು? ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಅಕ್ಕಪಕ್ಕದ ಅಂಗಡಿಯವರು ನಕ್ಕರು. ಶೋರೂಮಿನ ಸರ್ವಿಸ್ ಮ್ಯಾನೇಜರ್ ಗಾಡಿಯ ಸುತ್ತ ಒಂದು ಸುತ್ತು ಬಂದು, ಯಜಮಾನರ ಮಗನನ್ನು ಪಕ್ಕಕ್ಕೆ ಕರೆದು ಕಿವಿ ಊದಿದ: "ಗಾಡಿ ಸರಿಯಾಗೇ ಇದೆ ಸರ್. ನಿಮ್ಮ ತಂದೆಗೆ ವಯಸ್ಸಾಯ್ತು, ಕೈ ನಡುಗುತ್ತೆ."

ಮಗ ಅವತ್ತೇ ಅಪ್ಪನಿಂದ ಕೀ ಕಿತ್ತುಕೊಂಡು ಹೆಂಡತಿಯ ಕೈಗಿಟ್ಟ. ಸೊಸೆಯೂ ಆ ಮಾತನ್ನು ನಂಬಿದಳು. ಸಾಲದ್ದಕ್ಕೆ, ಚೆಲ್ಲೀತೆಂದು ಮಾವನಿಗೆ ಚಹಾವನ್ನು ಅರ್ಧ ಲೋಟ ಮಾತ್ರ ಕೊಡತೊಡಗಿದಳು. ಅವರಿಗೆ ಅದು ಅರ್ಥವಾಗಿತ್ತು.

ಇವತ್ತು ಬೆಳಿಗ್ಗೆ ಅದೇ ಗಾಡಿ, ಅದೇ ತಿರುವು. ಸೊಸೆಯ ಕೈಯಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಕಲ್ಲಾಯಿತು. ಎರಡೂ ಕೈಯಲ್ಲಿ ಜಗ್ಗಿದಳು, ಜಪ್ಪಯ್ಯ ಅಂದರೂ ತಿರುಗಲಿಲ್ಲ. ಬ್ರೇಕಿನ ಮೇಲೆ ನಿಂತೇಬಿಟ್ಟಳು. ಗಾಡಿ ನಿಂತಾಗ ಸೈಕಲ್ ಹಿಡಿದ ಹೆಂಗಸೊಬ್ಬಳು ಮುಟ್ಟುವಷ್ಟು ಹತ್ತಿರದಲ್ಲಿ ಬೆಪ್ಪಾಗಿದ್ದಳು, ಹಿಂದೆ ಹೇರಿದ್ದ ಗಾಜೆಲ್ಲ ಚೂರುಚೂರಾಗಿತ್ತು. ನೆಲ ನಿಜವಾಗಿಯೂ ಡೊಂಕಾಗಿಯೇ ಇತ್ತು. ಸೊಸೆಗೆ ಆ ಅರ್ಧ ಲೋಟ ನೆನಪಾಗಿ ನಾಚಿಕೆಯಾಯಿತು.

ಗಾಡಿಯನ್ನು ಎಳೆಸಿಕೊಂಡು, ಮಾವನನ್ನೂ ಕರೆದುಕೊಂಡು ಶೋರೂಮಿಗೆ ಹೋದಳು. ಮ್ಯಾನೇಜರ್ ಕಂಪ್ಯೂಟರಿನಲ್ಲಿ ಗಾಡಿಯ ನಂಬರ್ ಒತ್ತಿ ನೋಡಿ ಹಲ್ಲು ಕಿರಿದ.

"ಓ, ಇದು ರೀಕಾಲ್‌ನಲ್ಲಿದೆ ಮೇಡಂ. ಪವರ್ ಸ್ಟೀರಿಂಗ್ ಮೋಟರ್ ತೊಂದರೆ. ಕಂಪನಿಯೇ ಗಾಡಿಗಳನ್ನ ವಾಪಸ್ ಕರೆಸ್ಕೊಂಡು ಫ್ರೀಯಾಗಿ ಬದಲಾಯಿಸ್ತಿದೆ."

"ಯಾವಾಗಿಂದ?"

"ನಾಲ್ಕು ತಿಂಗಳಿಂದ."

"ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?"

"ಕೇಳ್ಕೊಂಡು ಬಂದೋರಿಗೆಲ್ಲ ಮಾಡ್ಕೊಟ್ಟಿದ್ದೀವಿ."

ಸೊಸೆಗೆ ಮೈಯೆಲ್ಲ ಉರಿಯಿತು. "ಕೆಟ್ಟಿದೆ ಅಂತಾನೇ ಗೊತ್ತಿಲ್ಲದೋರು ಏನಂತ ಕೇಳ್ಬೇಕು? ಅವತ್ತು ಈ ನಂಬರ್ ಒತ್ತಿ ನೋಡೋಕೆ ನಿಮ್ಮ ಬೆರಳಿಗೇನಾಗಿತ್ತು?"

ಅವನು ನೀರು ತರಿಸಿದ. ಜನ ಸತ್ತರೂ ಚಿಂತೆಯಿಲ್ಲ, ಉಪಚಾರಕ್ಕೆ ಮಾತ್ರ ಕಡಿಮೆಯಾಗಬಾರದು. ಮಾವ ಲೋಟ ಎತ್ತಿಕೊಂಡರು. ಕೈ ಗಡಗಡ ನಡುಗಿ ನೀರೆಲ್ಲ ಮೇಜಿನ ಮೇಲೆ ಚೆಲ್ಲಿತು. ನಾನು ಹೇಳಿರಲಿಲ್ಲವೇ ಎಂಬಂತೆ ಮ್ಯಾನೇಜರ್ ಸೊಸೆಯ ಕಡೆ ನೋಡಿದ.

"ಹೌದಪ್ಪಾ, ನಡುಗ್ತಿದೆ" ಎಂದರು ಮಾವ. "ಇದು ವಯಸ್ಸಲ್ಲ, ಸಿಟ್ಟು. ಅವತ್ತು ಸ್ಟೀರಿಂಗ್ ಹಿಡಿದಾಗ ನಡುಗಿರ್ಲಿಲ್ಲ."

ಸೊಸೆ ಗಂಡನಿಗೆ ಫೋನ್ ಹಚ್ಚಿ ಮ್ಯಾನೇಜರನ ಬಾಯಿಯ ಮುಂದೆ ಹಿಡಿದಳು. "ಅವತ್ತು ನಮ್ಮೋರ ಕಿವೀಲಿ ಹೇಳಿದ್ರಲ್ಲ, ಇವತ್ತು ನಿಜ ಏನು ಅಂತ ಗಟ್ಟಿಯಾಗಿ ಹೇಳಿ. ಮಾವನಿಗೂ ಕೇಳಿಸ್ಲಿ."

ಅವನು ತಡವರಿಸುತ್ತಾ ಹೇಳತೊಡಗಿದ. ಅವಳು ಜಗ್ ಎತ್ತಿಕೊಂಡು ಮಾವನ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದಳು, ಅಂಚಿನವರೆಗೂ.