ಅರ್ಧ ಎತ್ತಿಡುವವರು

ದೊಡ್ಡಮ್ಮ ನಡೆಯುವುದೇ ಓರೆಯಾಗಿ. ಮೂವತ್ತು ವರ್ಷ ಗಾಜಿನ ಸ್ಲೈಡುಗಳ ತಟ್ಟೆ ಹಿಡಿದು ಪ್ರಯೋಗಾಲಯದ ಇಕ್ಕಟ್ಟಿನಲ್ಲಿ ಓಡಾಡಿದ ದೇಹ ಬರಿಗೈಯಲ್ಲೂ ಆ ತಟ್ಟೆಯನ್ನು ಮರೆತಿಲ್ಲ. ಇಲಿಗಳ ಯಕೃತ್ತನ್ನು ಕೂದಲೆಳೆಗಿಂತ ತೆಳ್ಳಗೆ ಕೊಯ್ದು ಬಣ್ಣ ಹಾಕುವುದು ಆಕೆಯ ಕೆಲಸ. ಕೊಬ್ಬಿಗೆ ಅಂಟುವ ಆ ಕೆಂಪು, ಆಕೆಯ ಕೋಟಿನ ತೋಳಿಗೂ ಅಂಟಿ, ಯಾವ ಸಾಬೂನಿಗೂ ಜಗ್ಗದೆ ಪದಕದಂತೆ ಉಳಿದಿದೆ. ಪ್ರತಿ ಯಕೃತ್ತಿನಲ್ಲೂ ಅರ್ಧವನ್ನು ಹೆಪ್ಪುಗಟ್ಟಿಸಿ ಫ್ರೀಜರಿನಲ್ಲಿಡುವುದು ಆಕೆಯ ಹಟ. "ಉಪ್ಪಿನಕಾಯಿ ಹಾಕ್ತೀರಾ ದೊಡ್ಡಮ್ಮ?" ಎಂದು ಗೇಲಿ ಮಾಡಿದವನು ನಾನೇ.

ಪ್ರಯೋಗಾಲಯಕ್ಕೆಲ್ಲ ಆಕೆ ದೊಡ್ಡಮ್ಮ, ನಾನು ಆಕೆಯ ಸಹಾಯಕ. ಸಂಬಳಕ್ಕೆ ತಕ್ಕ ಬುದ್ಧಿ, ಬುದ್ಧಿಗೆ ಮೀರಿದ ಹೊಟ್ಟೆ. ಇಲಿಗಳಿಗೆ ಜಿಡ್ಡಿನ ಆಹಾರ ಹಾಕಿ ಬಂದು ನಾನೂ ಕರಿದದ್ದನ್ನು ಮೆಲ್ಲುತ್ತಾ ಕೂತರೆ, "ನೀನು ಯಾವ ಗುಂಪಿನವನಪ್ಪಾ? ಕಿವಿಗೆ ನಂಬರ್ ಚುಚ್ಚಲೇನೋ?" ಎನ್ನುವರು.

ನಮ್ಮ ಮುಖ್ಯಸ್ಥರ ಎರಡು ವರ್ಷದ ದುಡಿಮೆಯೆಲ್ಲ ಒಂದೇ ಪ್ರಶ್ನೆಗೆ: ರಕ್ತದಲ್ಲಿ ಬಂದ ಕೊಬ್ಬನ್ನು ಯಕೃತ್ತಿನ ಜೀವಕೋಶದೊಳಕ್ಕೆ ಬಿಟ್ಟುಕೊಳ್ಳುವ ದ್ವಾರಪಾಲಕನಂಥ ಪ್ರೋಟೀನೊಂದು ಇಲ್ಲದಿದ್ದರೆ, ಎಷ್ಟು ಜಿಡ್ಡು ತಿಂದರೂ ಯಕೃತ್ತು ಉಳಿದೀತೆ? ಜಿಡ್ಡು ತಿಂದ ಮಾಮೂಲಿ ಇಲಿಗಳ ಸ್ಲೈಡುಗಳು ದೊಡ್ಡಮ್ಮನ ಕೈಯಲ್ಲಿ ಕೆಂಪೋ ಕೆಂಪಾಗಿದ್ದವು. ಅಷ್ಟೇ ಜಿಡ್ಡು ತಿಂದ, ಆ ಪ್ರೋಟೀನಿಲ್ಲದಂತೆ ಹುಟ್ಟಿಸಿದ ಇಲಿಗಳ ಸರದಿಗೆ ಆಕೆ ರಜೆ, ಕೊಯ್ದವನು ನಾನು. ಒಂದು ಚುಕ್ಕೆ ಕೆಂಪಿಲ್ಲ! ಮುಖ್ಯಸ್ಥರು ಬೆನ್ನು ತಟ್ಟಿದರು. ನಾನು ಅಮ್ಮನಿಗೆ ಫೋನು ಮಾಡಿ, ಯಕೃತ್ತಿಗೆ ಕೊಬ್ಬು ತುಂಬುವ ರೋಗಕ್ಕೆ ಮದ್ದೇ ಸಿಕ್ಕಿತೆಂಬಂತೆ ಕೊಚ್ಚಿಕೊಂಡೆ.

ಮರುದಿನ ದೊಡ್ಡಮ್ಮ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದರು.

"ಮೇಣದಲ್ಲಿ ಕೂರಿಸೋಕೆ ಮುಂಚೆ ಆಲ್ಕೋಹಾಲಲ್ಲಿ ಅದ್ದಿದ್ಯಾ?"

"ಹೂಂ. ಪುಸ್ತಕದಲ್ಲಿ ಹಾಗೇ ಇದೆ."

"ಅದು ಬೇರೆ ಬಣ್ಣಕ್ಕೆ ಕಣೋ. ಇದ್ದಬದ್ದ ಕೊಬ್ಬೆಲ್ಲ ಕರಗಿಹೋಯ್ತು. ತಟ್ಟೆ ತೊಳೆದಿಟ್ಟು, ಈ ಮನೇಲಿ ಯಾರೂ ಉಂಡೇ ಇಲ್ಲ ಅಂದ ಹಾಗಾಯ್ತು."

ಎರಡು ವರ್ಷ ನೀರಲ್ಲಿ ಹೋಮ. ಆ ಗುಂಪಿನಲ್ಲಿ ಒಂದು ಇಲಿಯೂ ಉಳಿದಿರಲಿಲ್ಲ. ನನ್ನ ಮುಖ ನೋಡಲಾರದೆಯೋ ಏನೋ, ಆಕೆ ಓರೆಯಾಗಿ ನಡೆದುಹೋಗಿ ಫ್ರೀಜರು ತೆರೆದರು. ರಜೆಗೆ ಹೋಗುವ ಮುಂಚೆಯೇ ಆಕೆ ಎತ್ತಿಟ್ಟಿದ್ದ ಆ ಇಲಿಗಳ ಅರ್ಧರ್ಧ ಯಕೃತ್ತು ಅಲ್ಲಿತ್ತು. "ತಗೋ, ನಿನ್ನ ಉಪ್ಪಿನಕಾಯಿ."

ಸಂಜೆಯೊಳಗೆ ಅಷ್ಟನ್ನೂ ಆಲ್ಕೋಹಾಲು ಸೋಕಿಸದೆ ಕೊಯ್ದು ಬಣ್ಣ ಹಾಕಿದೆವು. ಮಾಮೂಲಿ ಇಲಿಗಳಲ್ಲಿ ಕೆಂಪು ತುಂಬಿ ತುಳುಕಿದ್ದಲ್ಲಿ ಇವುಗಳಲ್ಲಿ ಅಲ್ಲೊಂದು ಇಲ್ಲೊಂದು ಹನಿ. ಮುಖ್ಯಸ್ಥರ ಮುಖ ಕೊಂಚ ಬಾಡಿತು: "ಪೂರ್ತಿ ಇಲ್ಲ ಅಂತ ಆಗಲಿಲ್ಲವಲ್ಲ."

"ಒಂದು ಬಾಗಿಲು ಮುಚ್ಚಿದ್ರೆ ಕಿಟಕೀಲಿ ಸ್ವಲ್ಪ ಬರುತ್ತೆ ಸರ್. ಕಮ್ಮಿಯಾಗಿದೆ ಅಂದ್ರೆ ನಂಬ್ತೀನಿ. ಇಲ್ವೇ ಇಲ್ಲ ಅಂದ್ರೆ ಇವನ ಕೈ ನೋಡ್ತೀನಿ."

ಮೂವರೂ ನಕ್ಕೆವು, ನಾನು ಎಲ್ಲರಿಗಿಂತ ಜೋರಾಗಿ. ಅಂದು ನನ್ನ ತೋಳಿಗೂ ಅಂಟಿದ ಕೆಂಪನ್ನು ನಾನು ತೊಳೆಯಲು ಹೋಗಲಿಲ್ಲ. ಜಗತ್ತಿನ ಜ್ಞಾನವನ್ನೆಲ್ಲ ಮೇಧಾವಿಗಳೇ ಹೊತ್ತಿದ್ದಾರೆಂದು ನಂಬಿದ್ದೆ. ಅವರ ಬೆನ್ನ ಹಿಂದೆ, ನನ್ನಂಥವರು ಎಡವಿಯೇ ಎಡವುತ್ತಾರೆಂದು ಬಲ್ಲ ಕೆಲವರು, ಬೈಯದೆ, ಹೇಳಿಕೊಳ್ಳದೆ, ದಿನವೂ ಅರ್ಧ ಎತ್ತಿಡುತ್ತಿರುತ್ತಾರೆ.