ಅಗ್ಗದ ರಜೆಗೊಂದು ಸೂತಕ

ನಾನು ಸತ್ತ ಸುದ್ದಿ ನನಗೆ ತಿಳಿದದ್ದು ಮಾನ್ವಿಯ ಸಂತೆಯಲ್ಲಿ, ಬಾಳೆ ಎಲೆ ಮಾರುವ ಸತ್ತಾರ್ ಸಾಬರ ಬಾಯಿಂದ. ಶುಕ್ರವಾರ ರಾಯಚೂರಿನಲ್ಲಿ ಶ್ರೀವಲ್ಲಿಯ ಮದುವೆ. ಊಟದ ಎಲೆಯ ಕೆಲಸವನ್ನು ನಾನೇ ಅವರಿಗೆ ಒಪ್ಪಿಸಿದ್ದೆ. ಯಾವ ಗಾಡಿಗೆ ಕಳಿಸುತ್ತೀರಿ ಎಂದು ಕೇಳಲು ಹೋದರೆ ಆ ಮನುಷ್ಯ ನನ್ನ ಮುಖ ನೋಡಿದರು, ಆಮೇಲೆ ಬಗ್ಗಿ ಪಾದ ನೋಡಿದರು.

"ಜಯಾಬಾಯಿಯವ್ರೇ, ನೀವು ಹೋಗಿಬಿಟ್ರಂತ ಮಾಸ್ತರ್ ಸಾಹೇಬ್ರು ಫೋನ್ ಮಾಡಿದ್ರಲ್ರೀ. ಸೂತಕ ಬಂತು, ಮದವಿ ನಿಂತದ, ಎಲಿ ಬ್ಯಾಡ ಅಂದ್ರು."

"ಎಲ್ಲಿಗೆ ಹೋದೆನಂತ?"

"ಮ್ಯಾಲಕ್ಕರೀ," ಎಂದು ಅವರು ನಾಚಿಕೊಂಡರು. "ಹೈದರಾಬಾದ್ ದವಾಖಾನ್ಯಾಗ ಎದಿನೋವು ಬಂದು ಆತಂತ, ಎಲ್ಲಾ ಅಲ್ಲೇ ಮುಗಿಸ್ಯಾರಂತ. ನಿಮ್ಮ ವಿಶ್ವೇಶ ಅವ್ರ ಮಗಳು ಶಾಲ್ಯಾಗ ಹೇಳ್ಯಾಳಂತ."

ಮಾಸ್ತರ್ ಸಾಹೇಬ್ರು ಎಂದರೆ ಜಗನ್ನಾಥ, ನನ್ನ ಗಂಡನ ಕಡೆಯ ದಾಯಾದಿ, ರಾಯಚೂರಿನ ಒಂದು ಖಾಸಗಿ ಶಾಲೆಯ ಹೆಡ್‌ಮಾಸ್ತರ. ಶ್ರೀವಲ್ಲಿ ಅವನ ಮಗಳು. ಹಿಂದೊಮ್ಮೆ ಅವಳ ನಿಶ್ಚಿತಾರ್ಥವಾಗಿ, ಅದೇ ವಾರ ಹುಡುಗನ ಅಜ್ಜ ತೀರಿಕೊಂಡ. ತೊಂಬತ್ತು ದಾಟಿದ ಮುದುಕ, ಸಾಯದೆ ಇನ್ನೇನು ಮಾಡಬೇಕಿತ್ತು? ಆದರೂ ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಆ ಜನ ಕೈಬಿಟ್ಟರು. ಆಮೇಲೆ ವರ್ಷಗಟ್ಟಲೆ ಆ ಮನೆಯ ಹೊಸ್ತಿಲನ್ನು ಯಾರೂ ತುಳಿಯಲಿಲ್ಲ. ದೇವದುರ್ಗದ ವಿಬುಧೇಂದ್ರಾಚಾರರ ಮನೆಗೆ ಚಪ್ಪಲಿ ಸವೆಯುವ ತನಕ ಓಡಾಡಿ ಅವರ ಮಗನಿಗೆ ಈ ಸಂಬಂಧ ಕುದುರಿಸಿದವಳು ನಾನು. ಈಗ ಮದುವೆ ಮನೆಗೆ ಸಾವು ತಂದವಳೂ ನಾನೇ ಆದೆ.

ನಮ್ಮಲ್ಲಿ ದಾಯಾದಿಗಳಲ್ಲಿ ಯಾರು ಸತ್ತರೂ ಹತ್ತು ದಿನ ಸೂತಕ. ಮದುವೆಗೆ ಮೊದಲು ಮಾಡುವ ನಾಂದಿ ಮುಗಿದಿದ್ದರೆ ಸೂತಕ ಮದುವೆಗೆ ತಟ್ಟುತ್ತಿರಲಿಲ್ಲ, ಆದರೆ ನಾಂದಿ ಇಟ್ಟುಕೊಂಡದ್ದು ನಾಳೆ, ಗುರುವಾರಕ್ಕೆ. ಸೂತಕ ಕಳೆಯುವ ಹೊತ್ತಿಗೆ ಧನುರ್ಮಾಸ ಬಂದಿರುತ್ತದೆ, ಆ ತಿಂಗಳು ಮದುವೆಯ ಮಾತೇ ಇಲ್ಲ. ಅಷ್ಟರಲ್ಲಿ ದೇವದುರ್ಗದವರ ಕಿವಿಗೆ ಕಾಲ್ಗುಣದ ಮಾತು ಬೀಳದೆ ಇರುತ್ತದೆಯೇ? ಎರಡನೇ ಸಲ ತಪ್ಪಿದರೆ ಶ್ರೀವಲ್ಲಿಯನ್ನು ಕೇಳುವವರಿಲ್ಲ.

ಸಂತೆಯಲ್ಲೇ ನಿಂತು ವಿಶ್ವೇಶನಿಗೆ ಫೋನ್ ಹಚ್ಚಿದೆ. ಅವನು ನನ್ನ ಮೈದುನನ ಮಗ, ರಾಯಚೂರಿನಲ್ಲಿ ವಿಮೆ ಮಾರುತ್ತಾನೆ. ಊರವರಿಗೆಲ್ಲ ಸಾವಿನ ಭಯ ಹುಟ್ಟಿಸುವುದೇ ಅವನ ಉದ್ಯೋಗ. ಫೋನಿನಲ್ಲಿ ನೀರಿನ ಭೋರ್ಗರೆತ ಕೇಳಿಸಿತು.

"ಎಲ್ಲಿದ್ದೀಯೋ?"

"ಗೋವಾದಾಗ, ದೊಡ್ಡಮ್ಮ. ಸಿಟ್ಟಾಗಬ್ಯಾಡ್ರಿ. ಕ್ರಿಸ್‌ಮಸ್ ರಜಾದಾಗ ಬಂದ್ರ ಹೋಟೆಲ್ ರೇಟ್ ಡಬಲ್ ಆಗತದ. ಈಗ ಬಂದೀವಿ ಅಂತ ಸಮುದ್ರ ಕಾಣೋ ರೂಮ್ ಸಿಕ್ಕದ."

"ಅದಕ್ಕ ನನ್ನ ಕೊಂದಿ?"

"ಏನ್ಮಾಡ್ಲಿ? ಆ ಜಗನ್ನಾಥ ರಜಾ ಕೊಡಂಗಿಲ್ಲ. ಮನ್ಯಾಗ ಸಾವಾದ್ರಷ್ಟೇ ರಜಾ ಅಂತ ನಿಯಮ ಮಾಡ್ಯಾನ."

ಅದೂ ನಿಜವೇ. ಸೀಸನ್ ಇಲ್ಲದಾಗ ಅಗ್ಗ ಎಂದು ತಂದೆ-ತಾಯಿಗಳು ಮಕ್ಕಳನ್ನು ಶಾಲೆ ಬಿಡಿಸಿ ಊಟಿ, ಗೋವಾ ಅಂತ ಹೊರಡತೊಡಗಿದ ಮೇಲೆ ಜಗನ್ನಾಥ ಆ ನಿಯಮ ತಂದ. ಅಂದಿನಿಂದ ಅವನ ಶಾಲೆಯ ಮಕ್ಕಳ ಅಜ್ಜಿಯರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದಾರೆ. ಪಾಠ ಕಲಿಸುವ ಜಾಗದಲ್ಲಿ ಮೊದಲು ಕಲಿಯುವುದು ಸುಳ್ಳನ್ನೇ ಎನ್ನುವುದು ಆ ಮಹಾನುಭಾವನಿಗೆ ಇನ್ನೂ ಹೊಳೆದಿಲ್ಲ.

"ಸತ್ರಷ್ಟೇ ರಜಾ ಅಂದ್ರ ನಿಮ್ಮವ್ವ ಇದ್ಲಲ್ಲೋ."

"ಅಮ್ಮನ್ನ ಸಾಯಿಸಾಕ ಮನಸ್ಸು ಬರಲಿಲ್ರೀ."

"ನಾನಾದ್ರ ಬಂತು."

"ಹಂಗಲ್ಲ. ಸುಳ್ಳು ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗತದಂತಲ್ಲ. ತಪ್ಪು ನಮ್ಮ ಪೂರ್ಣಿದು. ಕ್ಲಾಸ್ ಟೀಚರಿಗೆ ಹೇಳು ಅಂದ್ರ ಸೀದಾ ಹೆಡ್ಮಾಸ್ತರಿಗೆ ಹೇಳ್ಯಾಳ. ಅವ ನಮಗ ದಾಯಾದಿ, ಅವಗೂ ಸೂತಕ ತಟ್ಟತದ ಅಂತ ನನಗರ ಎಲ್ಲಿ ನೆಪ್ಪಿತ್ತು?"

ಅವನಿಗೆ ನೆನಪಿರಲಿಲ್ಲ. ಪೂರ್ಣಶ್ರೀಗೆ ನೆನಪಿತ್ತು. ಅವಳು ಐದನೇ ಇಯತ್ತೆ. ಬೇಸಿಗೆ ರಜೆಗೆ ನನ್ನ ಮನೆಗೆ ಬಂದಾಗ ಯಾರು ನಮ್ಮವರು, ಯಾರು ಯಾರಿಗೆ ಏನಾಗಬೇಕು ಎಂದು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಸೂತಕದ ಸುದ್ದಿಯನ್ನು ದಾಯಾದಿಗಳಿಗೆ ತಪ್ಪದೆ ಮುಟ್ಟಿಸಬೇಕು, ಇಲ್ಲದಿದ್ದರೆ ದೋಷ ಎಂದೂ ಹೇಳಿದ್ದೆ. ಸುಳ್ಳು ಸಾವಿಗೂ ಆ ಕೂಸು ಶಾಸ್ತ್ರ ಬಿಟ್ಟಿಲ್ಲ.

ಶ್ರೀವಲ್ಲಿಯ ಮದುವೆ ನಿಂತಿದೆ ಎಂದೆ. ವಿಶ್ವೇಶ ನಿಟ್ಟುಸಿರು ಬಿಟ್ಟ. "ಧನುರ್ಮಾಸ ಆದ ಮ್ಯಾಲ ಮಾಡ್ಕೊಳ್ಳಲಿ ಬಿಡ್ರಿ. ನನ್ನ ರೂಮಿನ ರೊಕ್ಕ ವಾಪಸ್ ಬರೂದಿಲ್ಲ. ನೀವು ಭಾನುವಾರದ ತನಕ ಮನಿ ಬಿಟ್ಟು ಹೊರಗ ಬರಬ್ಯಾಡ್ರಿ, ಸಾಕು."

ಫೋನ್ ಇಟ್ಟು, ಎಲೆ ಕಟ್ಟಿಡಿ ಎಂದು ಸತ್ತಾರ್ ಸಾಬರಿಗೆ ಹೇಳಿ, ಉಟ್ಟ ಸೀರೆಯಲ್ಲೇ ರಾಯಚೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನಿಗೆ ಸಹಸ್ರನಾಮ ಮಾಡಿದೆ, ದೇವರದಲ್ಲ.

ಜಗನ್ನಾಥನ ಮನೆಯ ಮುಂದೆ ಆಳುಗಳು ಹಂದರ ಬಿಚ್ಚುತ್ತಿದ್ದರು. ಸೂತಕವೆಂದು ಗಡ್ಡ ಕೆರೆಯದೆ ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ನೋಡಿ ಎದ್ದು ಗೋಡೆಗೆ ಆತುಕೊಂಡ.

"ಜಯಕ್ಕ," ಎಂದ. "ಯಾವ ಬಸ್ಸಿಗೆ ಬಂದ್ರಿ?"

"ಹೈದರಾಬಾದಿನಿಂದಂತೂ ಅಲ್ಲ. ಹಂದರ ಬಿಚ್ಚೋದು ನಿಲ್ಸಂತ ಹೇಳು."

ನಡೆದದ್ದನ್ನೆಲ್ಲ ಹೇಳಿದೆ. ಒಳಗಿನಿಂದ ಶ್ರೀವಲ್ಲಿ ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಮುಖ ಊದಿತ್ತು, ನನ್ನನ್ನು ನೋಡಿ ಮತ್ತೆ ಅತ್ತಳು. ಯಾರೋ ಬದುಕಿ ಬಂದರೆಂದು ಅಳುವ ಹುಡುಗಿಯ ಕಾಲ್ಗುಣವನ್ನು ಆಡಿಕೊಳ್ಳುತ್ತಾರಲ್ಲ ಈ ಜನ. ಅವಳಪ್ಪನಿಗೆ ಮಾತ್ರ ಶಾಲೆಯದೇ ಚಿಂತೆ.

"ನನ್ನ ಶಾಲ್ಯಾಗ ಇಂಥಾ ಸುಳ್ಳು. ಆ ಹುಡುಗಿಗೆ ಟಿ.ಸಿ. ಕೊಟ್ಟು ಕಳಸ್ತೀನಿ."

"ಮೊದಲ ದೇವದುರ್ಗಕ್ಕ ಫೋನ್ ಹಚ್ಚು. ನಿನ್ನ ಹೆಡ್ಮಾಸ್ತರಕಿ ಆಮ್ಯಾಲ."

ಜಗನ್ನಾಥ ಸ್ಪೀಕರ್ ಹಾಕಿ ಹೇಳಿದ್ದನ್ನೆಲ್ಲ ವಿಬುಧೇಂದ್ರಾಚಾರರು ತಾಳ್ಮೆಯಿಂದ ಕೇಳಿದರು. ನನಗೆ ಆ ತಾಳ್ಮೆಯೇ ಸರಿಬೀಳಲಿಲ್ಲ.

"ನಿನ್ನೆ ಸತ್ತಾರಂದ್ರಿ. ಇವತ್ತ ಎದ್ದು ಕೂತಾರಂತೀರಿ. ಮದವಿಗೆ ನಿಮ್ಮ ತಯಾರಿ ಆಗಿಲ್ಲಂತ ಸಾವು ಕಟ್ಟಿದ್ರೋ, ಇಲ್ಲಾ ಖರೇ ಸಾವು ಮುಚ್ಚಾಕತ್ತೀರೋ?"

"ನಾ ಜಯಾಬಾಯಿ ಮಾತಾಡಾಕತ್ತೀನಿ, ಆಚಾರ್ರೇ," ಎಂದೆ.

"ಫೋನಿನಾಗ ಧ್ವನಿ ಯಾರದರ ಇರಬಹುದು, ಬಾಯಾರೇ. ಸುಳ್ಳು ಹೇಳ್ದವ್ರು ಯಾರು? ಅವ್ರೇ ಬಾಯಿ ಬಿಟ್ಟು ಹೇಳಿದ್ರ ಶುಕ್ರವಾರ ಬರ್ತೀವಿ. ಇಲ್ಲಾಂದ್ರ ಇಲ್ಲಿಗೇ ನಮಸ್ಕಾರ."

ನನ್ನ ಮನೆಯಲ್ಲಿ ಮೂರು ಸಲ ಹೋಳಿಗೆ ಉಂಡ ಮನುಷ್ಯ ಇವರು. ನಾಲಿಗೆಯ ತುದಿಗೆ ಬಂದದ್ದನ್ನು ಶ್ರೀವಲ್ಲಿಯ ಸಲುವಾಗಿ ನುಂಗಿಕೊಂಡೆ. ಸ್ಟೂಲಿನ ಮೇಲೆ ಜಗನ್ನಾಥನ ಫೋನ್ ಇತ್ತು, ಅದರಲ್ಲಿ ಆಚಾರರು. ಅದರ ಎದುರಿಗೇ ನನ್ನ ಫೋನನ್ನೂ ಸ್ಪೀಕರಿಗೆ ಹಾಕಿಟ್ಟು ವಿಶ್ವೇಶನನ್ನು ಹಿಡಿದೆ. ಆಚಾರರು ಕೇಳುತ್ತಿದ್ದಾರೆ, ಮದುವೆ ನಿನ್ನ ಬಾಯಲ್ಲಿದೆ, ನಿಜ ಹೇಳಿಬಿಡು ಎಂದೆ.

ವಿಶ್ವೇಶ ಗಂಟಲು ಸರಿಮಾಡಿಕೊಂಡ. ವಿಮೆ ಮಾರುವ ದನಿ ಬಂತು.

"ಆಚಾರ್ರೇ, ನಾ ಯಾರಿಗೂ ಏನೂ ಹೇಳಿಲ್ರೀ. ಶಾಲಿ ತಪ್ಪಿಸಬೇಕಂತ ನಮ್ಮ ಹುಡುಗಿ ತಾನ ಕಥಿ ಕಟ್ಯಾಳ. ನಾವರ ರಜಾ ಸಿಕ್ಕದಂತ ತಿಳ್ಕೊಂಡು ಬಂದೀವಿ. ಬೇಕಾದ್ರ ಆಕಿನ್ನ ಕೇಳ್ರಿ."

ಜಗನ್ನಾಥ ನನ್ನನ್ನು ನೋಡಿದ. ಇಂಥ ಮಾತು ಕೇಳಿಸಿಕೊಳ್ಳುವ ಬದಲು ಹೈದರಾಬಾದಿನಲ್ಲಿ ನಿಜಕ್ಕೂ ಸತ್ತಿದ್ದರೇ ಚೆನ್ನಾಗಿತ್ತು ಎಂದು ನನಗನ್ನಿಸಿತು. ಫೋನ್ ಕೈ ಬದಲಾಯಿಸಿದ ಸಪ್ಪಳ ಕೇಳಿತು.

"ಪೂರ್ಣಿ," ಎಂದೆ. "ಭಯ ಬ್ಯಾಡ. ಯಾರು ಹೇಳಂದ್ರು, ಹೇಳಿಬಿಡು."

ಅವಳು ತಡಮಾಡಲಿಲ್ಲ. "ನಾನ ಹೇಳಿದ್ದು ಅಜ್ಜಿ. ಅಪ್ಪಗ ಗೊತ್ತಿರಲಿಲ್ಲ. ಶಾಲಿಗೆ ಹೋಗಾಕ ಬ್ಯಾಸರಾಗಿತ್ತು, ಅದಕ್ಕ ಸುಳ್ಳು ಹೇಳ್ದೆ. ತಪ್ಪಾತ್ರೀ." ದನಿ ಎಲ್ಲಿಯೂ ನಡುಗಲಿಲ್ಲ, ಪದ್ಯ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು.

ಇಲ್ಲ, ಇದು ಅವಳಪ್ಪನ ಕೆಲಸ ಎಂದು ನಾನು ಬಾಯಿ ತೆರೆಯಬೇಕಿತ್ತು. ತೆರೆದೂ ಇದ್ದೆ. ಬಾಗಿಲಲ್ಲಿ ಶ್ರೀವಲ್ಲಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಸುಳ್ಳು ಹೇಳಿದವನು ತಂದೆ, ಅದನ್ನು ಮಗುವಿನ ತಲೆಗೆ ಕಟ್ಟಿದವನೂ ಅವನೇ ಎಂದು ತಿಳಿದರೆ ಇಂಥ ದಾಯಾದಿಗಳಿರುವ ಮನೆಯ ಹೆಣ್ಣನ್ನು ಆಚಾರರು ತರುತ್ತಾರೆಯೇ? ನಾನು ಬಾಯಿ ಮುಚ್ಚಿದೆ.

ಆಚಾರರು ನಕ್ಕರು. "ಸಣ್ಣ ಹುಡುಗಿ, ಇರಲಿ ಬಿಡ್ರಿ. ನಾಳಿಗೆ ನಾಂದಿ ಮಾಡ್ಕೊಳ್ರಿ. ನಾವು ಹೊತ್ತಿಗೆ ಸರಿಯಾಗಿ ಬರ್ತೀವಿ."

ಮನೆ ಒಮ್ಮೆಲೇ ಎದ್ದು ಓಡಾಡತೊಡಗಿತು. ಜಗನ್ನಾಥ ಅಡುಗೆಯವರಿಗೆ ಫೋನ್ ಮಾಡುತ್ತ, ನಡುವೆ ನನ್ನ ಕಡೆ ತಿರುಗಿ, "ಟಿ.ಸಿ. ಕೊಡೂದಿಲ್ಲ ಬಿಡ್ರಿ. ಆದ್ರ ಪ್ರಾರ್ಥನಾದಾಗ ಎಲ್ಲಾರ ಮುಂದ ನಿಲ್ಲಿಸಬೇಕಾಗತದ. ತಪ್ಪು ಒಪ್ಕೊಂಡಾಳಲ್ಲ, ನಿಯಮ ಅದ," ಎಂದ. ಅವನಿಗೆ ನಿಜ ಗೊತ್ತಿತ್ತು. ಅಂಥವನ ಮನೆಗೆ ನಾನು ಮದುವೆ ತಂದುಕೊಟ್ಟಿದ್ದೆ.

ಸ್ಟೂಲಿನ ಮೇಲೆ ನನ್ನ ಫೋನ್ ಇನ್ನೂ ಕಡಿದಿರಲಿಲ್ಲ. ಅದನ್ನೆತ್ತಿಕೊಂಡು ಹಿತ್ತಲಿಗೆ ಹೋದೆ.

"ಪೂರ್ಣಿ, ಅಪ್ಪ ಎಲ್ಲಿ?"

"ಐಸ್‌ಕ್ರೀಮ್ ತರಾಕ ಹೋಗ್ಯಾನ. ಛಲೋ ಹೇಳಿದಿ ಅಂತ ದೊಡ್ಡದು ಕೊಡಿಸ್ತಾನಂತ." ಆಮೇಲೆ ದನಿ ತಗ್ಗಿಸಿದಳು. "ಅಜ್ಜಿ, ಸರಿ ಹೇಳಿದ್ನೇನು?"

ವಿಶ್ವೇಶನಿಗೆ ಬೈಯಲು, ಜಗನ್ನಾಥನಿಗೆ ಬೈಯಲು, ಆಚಾರರಿಗೂ ಬೈಯಲು ನನ್ನ ಬಳಿ ಬೇಕಾದಷ್ಟಿತ್ತು. ಒಳಗೆ ಯಾರೋ ಶ್ರೀವಲ್ಲಿಯನ್ನು ಅರಿಶಿನಕ್ಕೆ ಕರೆಯುತ್ತಿದ್ದರು, ಅವಳು ನಗುತ್ತಿದ್ದಳು.

"ಸರಿ ಹೇಳಿದಿ," ಎಂದೆ.