ಕವಳಿ ಕಂಟಿಯ ಹೆಣ್ಣು ಗರಗಸ ನೊಣ

ಕಿಟಕಿಯ ಸರಳಿನ ಮೇಲೆ ಕೂತದ್ದು ನೊಣ, ಬರೀ ನೊಣ, ಎರಡೇ ರೆಕ್ಕೆ, ಮುಂಗಾಲು ತಿಕ್ಕಿಕೊಳ್ಳುತ್ತಿದೆ, ಮುಂದಿನ ಸೀಟಿನವರ ಬೆಲ್ಲದ ಪೊಟ್ಟಣಕ್ಕೆ ಬಂದಿರಬೇಕು, ಇದನ್ನು ನೊಣ ಅಂದರೆ ನಿಷತಳ ತಕರಾರಿಲ್ಲ, ಆದರೆ ಅವಳು ಸಂಶೋಧನೆ ಮಾಡುತ್ತಿರುವ ಹುಳಕ್ಕೂ ಅದೇ ಹೆಸರು, ಗರಗಸ ನೊಣ, ಯಾವ ಪುಣ್ಯಾತ್ಮ ಇಟ್ಟನೋ, ನಾಲ್ಕು ರೆಕ್ಕೆಯ ಪ್ರಾಣಿ ಅದು, ಜೇನು ಇರುವೆ ಕಣಜಗಳ ಬಳಗದ್ದು, ಕಣಜದ ಹಾಗೆ ನಡು ಸಣ್ಣಗಿಲ್ಲ ಅಷ್ಟೇ, ನೊಣಕ್ಕೂ ಅದಕ್ಕೂ ಯಾವ ನಂಟೂ ಇಲ್ಲ, ಆದರೂ ನೊಣ. ಇಂಡಿ ಊರಿನ ಮನೆಯಲ್ಲಿ ಅವಳನ್ನು ನೋಡಲು ಬಂದವರ ಮುಂದೆ ಚಹಾದ ತಾಟು ಇಟ್ಟ ಅಮ್ಮಿ, ಹುಡುಗಿ ಏನ್ ಓದಾಕತ್ತಾಳ್ರಿ ಅಂತ ಅವರು ಕೇಳಿದ್ದಕ್ಕೆ ಮೆಲ್ಲಗೆ ನೊಣದ ಮ್ಯಾಲರಿ ಅಂದದ್ದು, ಬಂದವರಲ್ಲಿದ್ದ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು, ಆಗ ನಿಷತಳಿಗೂ ನಗು ಬಂದಿತ್ತು, ಈಗ ನೆನೆದರೆ ಸಿಟ್ಟು ಬರುತ್ತದೆ, ಈಗೀಗ ಎಲ್ಲದಕ್ಕೂ ಸಿಟ್ಟೇ, ಈ ಬಸ್ಸಿಗೂ, ದೇವರಹಿಪ್ಪರಗಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಚಹಾಕ್ಕೆ ಹೋದವನು ಇನ್ನೂ ಬರದ ಡ್ರೈವರನಿಗೂ. ಬೆಳಿಗ್ಗೆ ಸಿಂದಗಿಯಲ್ಲಿ ಅವಳು ಬಾಡಿಗೆ ಕೋಣೆಯ ಬೀಗ ಹಾಕುವಾಗಲೇ ಸಿದ್ದರಾಯನ ಫೋನು ಬಂದಿತ್ತು, ಇಂಗಳೇಶ್ವರದ ಗುಡ್ಡದ ಬುಡದಲ್ಲಿ ಅವನ ಕಲ್ಲುಹೊಲ, ಜೇಸಿಬಿ ಬಂದೈತ್ರಿ ಮೇಡಮ್ಮಾರ, ಕಂಟಿ ಎಲ್ಲಾ ಇವತ್ತ ಕೀಳಸ್ತೇನಿ, ಮುಳವಾಡದ ಕಾಲುವಿ ಕಡಿಂದ ನೀರ ಬರತೈತಂತ, ದ್ರಾಕ್ಷಿ ಹಚ್ಚೂದೈತಿ, ನೀವ್ ನೋಡೂದಿದ್ರ ಲಗೂನ ಬರ್ರಿ. ಲಗೂನ — ಹೇಗೆ ಬರಬೇಕು, ಹಾರಿಕೊಂಡು ಬರಬೇಕೇ? ಅವನ ಮೇಲೂ ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ, ಹೊಲಕ್ಕೆ ನೀರು ಬರುತ್ತದೆ ಅಂದಾಗ ಅವನ ದನಿಯಲ್ಲಿದ್ದ ಹಿಗ್ಗು ಅವಳ ಕಿವಿಯಿಂದ ಹೋಗುತ್ತಿಲ್ಲ, ಕವಳಿ ಕಂಟಿ, ಕವಳಿಹಣ್ಣಿನ ಆ ಮುಳ್ಳುಪೊದೆ, ಉಳಿಸಿಕೋ ಅಂತ ಯಾವ ಬಾಯಿಂದ ಹೇಳುವುದು.

ಡ್ರೈವರ ಬಂದ, ಬಸ್ಸು ಕುಲುಕಿ ಹೊರಟಿತು, ತೊಗರಿಯ ಹೊಲಗಳು ಹಿಂದೆ ಸರಿಯುತ್ತಿವೆ, ತೊಡೆಯ ಮೇಲಿನ ಚೀಲದಲ್ಲಿ ಗಾಜಿನ ನಳಿಗೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿವೆ, ಎಲ್ಲ ಖಾಲಿ. ಮುದ್ದೇಬಿಹಾಳದ ಸುತ್ತ ಒಂದು ಇಡೀ ಮಳೆಗಾಲ ಬಲೆ ಬೀಸಿದಳು, ತಾಂಬಾದ ಬದುಗಳಲ್ಲಿ ಬೀಸಿದಳು, ಸಿಕ್ಕದ್ದೆಲ್ಲ ಗಂಡು, ಹಳದಿ ಹೊಟ್ಟೆ, ಹೊಗೆಬಣ್ಣದ ರೆಕ್ಕೆ, ಆಗಲೇ ಹೆಸರಿರುವ ಹಳೆಯ ಜಾತಿಯ ಗಂಡಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ, ಅದನ್ನು ಯಾರೂ ಒಪ್ಪುವುದಿಲ್ಲ. ಹೆಣ್ಣು ಬೇಕು. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮಡಚಿಟ್ಟ ಗರಗಸ, ಎಲೆಯ ಅಂಚನ್ನು ಕೊಯ್ದು ಒಳಗೆ ತತ್ತಿ ಇಡುವ ಗರಗಸ, ಅದರ ಹಲ್ಲುಗಳ ಸಾಲು ಒಂದೊಂದು ಜಾತಿಗೆ ಒಂದೊಂದು ಥರ, ಆ ಹಲ್ಲು ತೋರಿಸಿದರೆ ಹೊಸ ಜಾತಿ, ಹೊಸ ಹೆಸರು, ಇಲ್ಲದಿದ್ದರೆ ಏನೂ ಇಲ್ಲ. ಹೋದ ತಿಂಗಳು ಸಿದ್ದರಾಯನ ಹೊಲದ ಕವಳಿ ಕಂಟಿಯಲ್ಲಿ ಒಂದು ಹೆಣ್ಣು ಸಿಕ್ಕಿತ್ತು, ಒಂದೇ ಒಂದು, ಅದನ್ನು ಜತನವಾಗಿ ಸಿಂದಗಿಯ ಕಾಲೇಜಿಗೆ ಒಯ್ದು ತನ್ನ ಗೈಡು ಪ್ರಹ್ಲಾದ ಸರ್ ಮುಂದೆ ಇಟ್ಟಾಗ ಅವರ ಕಣ್ಣು ಹೇಗೆ ಮಿಂಚಿತ್ತು, ಬರುವ ವರ್ಷ ನಿವೃತ್ತಿ, ಇಷ್ಟು ವರ್ಷ ಪಾಠ ಹೇಳಿದರೂ ಒಂದು ಜೀವಿಗೂ ಹೆಸರಿಟ್ಟವರಲ್ಲ, ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಖುಷಿಯಾಗಿತ್ತು ಕೂಡ. ಹೆಸರು ಏನಂತ ಯೋಚನಿ ಮಾಡೀ, ಅಂದರು. ಇಂಗಳೇಶ್ವರದ ಹೆಸರಽ ಇಡಬೇಕಂತ ಮಾಡೇನ್ರಿ ಸರ್. ಆ ಹಳ್ಳಿ ಯಾರಿಗೆ ಗೊತ್ತದವಾ, ಗುರುಗಳ ಹೆಸರು ಇಡೋ ಪದ್ಧತಿ ಅದ, ನನ್ನ ಹೆಸರು ಇಡು ಅಂತ ಹೇಳ್ಲಿಕ್ಕತ್ತಿಲ್ಲ ನಾ, ಪದ್ಧತಿ ಹೇಳ್ಲಿಕ್ಕತ್ತೀನಿ. ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಅವಳು ಸೂಜಿ ಹಿಡಿದು ಕೂತಾಗ, ಸರಿ, ಸರಿ ಆಕಡೆ, ಇದು ಕೈ ಪಳಗಿದವರ ಕೆಲಸ ಅಂತ ಸರ್ ತಾವೇ ಕೂತರು. ಅವರ ಕೈಯಲ್ಲಿನ ಚಿಮಟಿಗೆಯ ತುದಿ ನಡುಗುವುದು ಅವಳಿಗೆ ಕಾಣುತ್ತಿತ್ತು, ಸರ್ ನಾ ಮಾಡ್ಲೇನ್ರಿ ಅನ್ನಬೇಕಿತ್ತು, ಅಂದಳು ಕೂಡ, ಆದರೆ ಎಷ್ಟು ಮೆಲ್ಲಗೆ ಅಂದಳೆಂದರೆ ಫ್ಯಾನಿನ ಸದ್ದಿನಲ್ಲಿ ಅವಳಿಗೇ ಕೇಳಲಿಲ್ಲ, ಗರಗಸ ಹೊರಗೆ ಬಂತು, ಗಾಜಿನ ಮೇಲೆ ಕೂತಿತು, ಮೇಲೆ ಇನ್ನೊಂದು ತೆಳು ಗಾಜು ಇಳಿಸುವಾಗ ಅವರ ಹೆಬ್ಬೆರಳು ಒತ್ತಿತು, ಅಷ್ಟೇ. ಹಲ್ಲೆಲ್ಲ ಪುಡಿ. ಅವರು ಚಷ್ಮಾ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು, ಇನ್ನೊಂದು ಹಿಡಕೊಂಡು ಬಾ, ಅದರಾಗೇನದ ಅಂದರು. ಅದರಾಗೇನದ! ಆ ಮಾತನ್ನು ಅವಳು ಎಷ್ಟು ಸಲ ಅಗಿದಿದ್ದಾಳೆ, ಅನ್ನದ ಜೊತೆ, ನಿದ್ದೆಯ ಜೊತೆ, ಒಮ್ಮೆಯೂ ನುಂಗಲಾಗಿಲ್ಲ. ಮತ್ತೆ ಅವರ ಪೆಚ್ಚು ಮುಖವೂ ನೆನಪಾಗುತ್ತದೆ, ಹೊರಗೆ ಹೋಗುವಾಗ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡದ್ದು, ಮರುಕ ಬಂದು ಸಿಟ್ಟನ್ನು ಕೆಡಿಸುತ್ತದೆ, ಪೂರ್ತಿ ಸಿಟ್ಟು ಮಾಡಲಿಕ್ಕೂ ಬಿಡುವುದಿಲ್ಲ ಈ ಮನುಷ್ಯ.

ಬಸವನ ಬಾಗೇವಾಡಿಯಲ್ಲಿ ಇಳಿದು, ಪರಿಚಯದ ಆಟೋದವನಿಗೆ ಕೈ ಮಾಡಿ, ಗುಡ್ಡದ ಬುಡಕ್ಕೆ ಬಂದರೆ ಅರ್ಧ ಹೊಲ ಆಗಲೇ ಬತ್ತಲೆ, ಕೆಂಪು ಮಣ್ಣು ಹಸಿಯಾಗಿ ಮೇಲೆದ್ದಿದೆ, ಬೇರು ಸಮೇತ ಕಿತ್ತ ಕಂಟಿಗಳ ರಾಶಿ, ಎಲೆಗಳ ಹಾಲಿನ ವಾಸನೆ, ಅವಳು ಆ ರಾಶಿಯನ್ನೇ ಕೈಯಿಂದ ಕೆದಕಿದಳು, ಮುಳ್ಳು ಚುಚ್ಚಿದವು, ಏನಿಲ್ಲ. ಸಿದ್ದರಾಯ ತಲೆಯ ಮೇಲಿನ ಟವೆಲ್ ತೆಗೆದು ನಿಂತ, ಏನ್ ಮಾಡೂದ್ರಿ, ಜೇಸಿಬಿ ಡ್ರೈವರ್ ಮಧ್ಯಾಹ್ನ ಇನ್ನೊಂದ್ ಹೊಲಕ್ಕ ಹೋಗಾಂವ ಅದಾನ, ಆ ಮೂಲ್ಯಾಗ ಎರಡ್ಮೂರು ಕಂಟಿ ಉಳದಾವ ನೋಡ್ರಿ. ಮೂಲೆಗೆ ಓಡಿದಳು, ಮೊದಲ ಕಂಟಿ ಖಾಲಿ, ಎರಡನೆಯದರಲ್ಲಿ ಬರೀ ಇರುವೆ, ಮೂರನೆಯದರ ಕೆಳರೆಂಬೆಯಲ್ಲಿ — ಹಳದಿ ಹೊಟ್ಟೆ, ಹೊಗೆಬಣ್ಣದ ರೆಕ್ಕೆ, ಎಲೆಯ ಅಂಚನ್ನು ಕಾಲುಗಳಲ್ಲಿ ತಬ್ಬಿ ಬಗ್ಗಿ ನಿಂತಿರುವ ಹೆಣ್ಣು. ಕೊಯ್ಯುತ್ತಿದೆ. ಹಿಂದೆ ಜೇಸಿಬಿ ಗುಡುಗುತ್ತಾ ಬರುತ್ತಿದೆ, ಸಿದ್ದರಾಯ ಅದಕ್ಕೆ ಕೈ ಅಡ್ಡ ಮಾಡಿ ಏ ನಿಂದ್ರಪಾ, ಅಕ್ಕಾರು ಅದಾರ ಅಂತ ಕೂಗುತ್ತಿದ್ದಾನೆ, ಈಗಲೇ ನಳಿಗೆಯಲ್ಲಿ ಹಿಡಿಯಬಹುದು, ಬೇಡ, ತತ್ತಿ ಇಟ್ಟು ಮುಗಿಸಲಿ, ರೆಂಬೆ ಕತ್ತರಿಸಿ ಒಯ್ದರೆ ಮರಿಗಳೂ ಆಗುತ್ತವೆ, ಇನ್ನಷ್ಟು ಹೆಣ್ಣು ಆಗುತ್ತವೆ, ಒಂದೇ ಒಂದು ಅಂತ ಯಾರ ಹೆಬ್ಬೆರಳಿಗೂ ಹೆದರಬೇಕಿಲ್ಲ, ಮುಗಿಸಲಿ — ಫೋನು ನಡುಗಿತು, ಪ್ರಹ್ಲಾದ ಸರ್, ಸಿಕ್ತೇನು? ಸಿಕ್ಕೈತ್ರಿ. ಹಂಗಾರ ನೇರ ಲ್ಯಾಬಿಗೆ ತಾ, ಮುಟ್ಟಬ್ಯಾಡ, ನಾ ಕೊಯ್ತೀನಿ. ಇಲ್ರಿ ಸರ್, ಈ ಸಲ ನಾನಽ ಕೊಯ್ತೇನಿ. ಅಷ್ಟು ಜೋರಾಗಿ ಹೇಳಿದೆನೇ, ಸಿದ್ದರಾಯ ತಿರುಗಿ ನೋಡುತ್ತಿದ್ದಾನೆ. ಆ ಕಡೆಯಿಂದ ತಣ್ಣಗೆ, ನನ್ನ ಸಹಿ ಇಲ್ಲದ ನಿನ್ನ ಪ್ರಬಂಧ ಮುಂದ ಹೋಗೂದಿಲ್ಲ, ಗೊತ್ತದ ಅಲ್ಲ? ಗೊತ್ತೈತ್ರಿ. ಮತ್ತ ಹೆಸರು? ಊರಿಂದಽ ರೀ ಸರ್. ಫೋನು ಕಟ್ಟಾಯಿತು, ಅವರೇ ಇಟ್ಟರೋ ಸಿಗ್ನಲ್ ಹೋಯಿತೋ, ಸಹಿ ಮಾಡುತ್ತಾರೋ ಇಲ್ಲವೋ, ಇಲ್ಲದಿದ್ದರೆ ಇನ್ನೆಷ್ಟು ವರ್ಷವೋ, ಅಮ್ಮಿಗೆ ಏನು ಹೇಳುವುದೋ, ಜೇಸಿಬಿಯ ಹೊಗೆ ಕಣ್ಣಿಗೆ ಬರುತ್ತಿದೆ, ಕಣ್ಣು ಉರಿಯುತ್ತಿದೆ, ರೆಪ್ಪೆ ಬಡಿಯಬಾರದು, ಎಲೆಯ ಅಂಚಿನಲ್ಲಿ ಹಸಿರು ಸೀಳು, ಸೀಳಿನೊಳಗೆ ಕಂದು ಹಲ್ಲು, ಹೋಗುತ್ತದೆ, ಬರುತ್ತದೆ, ಒಂದು ಹನಿ ಬಿಳಿ ಹಾಲು ಉಕ್ಕಿ ನಿಂತಿದೆ, ಮತ್ತೆ ಹಲ್ಲು, ಹಸಿರಿನೊಳಗೆ ಹಲ್ಲು, ಹೋಗುತ್ತದೆ, ಬರುತ್ತದೆ, ಹಲ್ಲು